ಸೈನೈಡ್ ದಿಬ್ಬದ ಹೂಳು ಯಾವಾಗ ಬಂತು? ಉಪಗ್ರಹ ಚಿತ್ರಗಳಲ್ಲಿ ಹುಡುಕಿದ ಅನುಭವ

ನನ್ನ ಭಾಮೈದನ ಹೊಲ ಕೆ.ಜಿ.ಎಫ್. ಹತ್ತಿರ ಇದೆ. ಚಿನ್ನದ ಗಣಿಯ ಪುಡಿ ಸುರಿದು ಆದ ಒಂದು ಸೈನೈಡ್ ದಿಬ್ಬದ ಕಡೆಯಿಂದ ಬರುವ ಹಳ್ಳ ಅದರ ಪಕ್ಕದಲ್ಲೇ ಹಾದು ಹೋಗುತ್ತದೆ. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿ ಇನ್ನೂ ಜಮೀನಿನ ಮಾತುಕತೆ ನಡೆಯುತ್ತಿದೆ. ಜೋರು ಮಳೆ ಬಂದಾಗ ಹಳ್ಳದಲ್ಲಿ ಬೂದು ಬಣ್ಣದ ಹೂಳು ಬರುತ್ತದೆ. ಹಳ್ಳ ಉಕ್ಕಿದರೆ ಅದು ಹೊಲಕ್ಕೂ ನುಗ್ಗುತ್ತದೆ. ಹೂಳು ಕೂತ ಕಡೆ ರಾಗಿ ಏಳುವುದಿಲ್ಲ. ಇದು ಯಾವಾಗಿನಿಂದ ಶುರುವಾಯಿತು ಅಂತ ಕೇಳಿದರೆ ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಗಣಿ ನಡೆಯುವಾಗಲೇ ಇತ್ತು ಅಂತ ಕೆಲವರು. ಮುಚ್ಚಿದ ಮೇಲೆ ಬಂದಿದ್ದು ಅಂತ ಇನ್ನು ಕೆಲವರು.

"ಭಾವ, ನೀವು ಕಾಲೇಜಲ್ಲಿ ಜಿಯಾಗ್ರಫಿ ಪಾಠ ಮಾಡ್ತೀರಲ್ಲ. ಸ್ಯಾಟಲೈಟಲ್ಲಿ ಇದೆಲ್ಲ ಗೊತ್ತಾಗಲ್ವಾ?" ಅಂದ ಭಾಮೈದ. ಗೊತ್ತಾಗಬಹುದು, ನೋಡೋಣ ಅಂದೆ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇತ್ತು, ಇಂಟರ್ನೆಟ್ ಇತ್ತು. ಬೇಕಾದ ಸಾಫ್ಟ್‌ವೇರ್ ಎಲ್ಲ ಪುಕ್ಕಟೆ ಸಿಗುತ್ತದೆ.

ದಿಬ್ಬಗಳನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಚಿನ್ನ ತೆಗೆಯಲು ಕೈಹಾಕಿತು. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ. ಅಷ್ಟರಲ್ಲಿ ಹೊರಬಂದ ಚಿನ್ನ 800 ಟನ್‌ಗೂ ಜಾಸ್ತಿ. ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ. ಮಿಕ್ಕ ಪುಡಿಯನ್ನೆಲ್ಲ ಊರ ಪಕ್ಕದಲ್ಲೇ ಸುರಿದರು. ಈಗ ಅದು ಮೂರು ಕೋಟಿ ಟನ್ ದಾಟುತ್ತದೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಹೋದರೆ ಕಿಟಕಿಯಿಂದಲೇ ಕಾಣುತ್ತದೆ. ಚಿನ್ನವನ್ನು ಕರಗಿಸಿ ತೆಗೆಯಲು ಬಳಸುತ್ತಿದ್ದ ಸೈನೈಡ್ ಬಿಸಿಲು ಗಾಳಿಗೆ ಬಹುಪಾಲು ಒಡೆದುಹೋಗುತ್ತದೆ. ಉಳಿಯುವುದು ರಂಗೋಲಿ ಪುಡಿಯಷ್ಟು ನುಣ್ಣಗಿನ ಕಲ್ಲಿನ ಧೂಳು. ಅದರಲ್ಲಿ ಸಿಲಿಕಾ ಇದೆ, ಗಂಧಕದ ಖನಿಜಗಳಿವೆ, ಆರ್ಸೆನಿಕ್ ಇರುವ ಖನಿಜವೂ ಇದೆ. ಆಷಾಢದಲ್ಲಿ ಗಾಳಿ ಬೀಸಿದರೆ ಅದು ಊರ ಮೇಲೆ ಹಾರುತ್ತದೆ. ಮಳೆಗೆ ಕೊರಕಲು ಬಿದ್ದು ಹಳ್ಳಕ್ಕೆ ಇಳಿಯುತ್ತದೆ. ನನಗೆ ಬೇಕಾಗಿದ್ದದ್ದು ಹೀಗೆ ಹಳ್ಳಕ್ಕೆ ಇಳಿದ ಹೂಳು.

ಮೊದಲು ಸೆಂಟಿನೆಲ್-2 ಚಿತ್ರಗಳನ್ನು ಇಳಿಸಿಕೊಂಡೆ. ಇದು ಯುರೋಪಿನ ಉಪಗ್ರಹ, 2015ರಿಂದ ಚಿತ್ರ ಕೊಡುತ್ತಿದೆ. 2017ರಲ್ಲಿ ಜೋಡಿ ಉಪಗ್ರಹ ಸೇರಿಕೊಂಡ ಮೇಲೆ ಐದು ದಿನಕ್ಕೊಂದು ಚಿತ್ರ ಸಿಗುತ್ತದೆ. ಕೋಪರ್ನಿಕಸ್ ಜಾಲತಾಣದಲ್ಲಿ ಇಮೇಲ್ ಕೊಟ್ಟು ಹೆಸರು ನೋಂದಾಯಿಸಿದರೆ ಸಾಕು, ದುಡ್ಡಿಲ್ಲ. ಒಂದೊಂದು ಕಡತ ಹತ್ತಿರ ಹತ್ತಿರ ಒಂದು ಜಿಬಿ. ಇದರಲ್ಲಿ 13 ಬ್ಯಾಂಡುಗಳಿವೆ. ಅಂದರೆ ಒಂದೇ ಜಾಗವನ್ನು 13 ಬಗೆಯ ಬೆಳಕಿನಲ್ಲಿ ತೆಗೆದ ಹಾಗೆ. ನಮ್ಮ ಕಣ್ಣಿಗೆ ಕಾಣುವ ನೀಲಿ, ಹಸಿರು, ಕೆಂಪು ಮತ್ತು ಕಣ್ಣಿಗೆ ಕಾಣದ ಒಂದು ಅವಗೆಂಪು (ಇನ್‌ಫ್ರಾರೆಡ್) ಬ್ಯಾಂಡಿನಲ್ಲಿ ಚಿತ್ರದ ಒಂದು ಚುಕ್ಕೆ (ಪಿಕ್ಸೆಲ್) ನೆಲದ ಮೇಲೆ 10 ಮೀಟರ್ ಅಗಲ. ಮಣ್ಣು, ಖನಿಜ, ತೇವಕ್ಕೆ ಬೇಕಾಗುವ ಕಿರು ಅಲೆಯ ಅವಗೆಂಪು (SWIR) ಬ್ಯಾಂಡುಗಳಲ್ಲಿ ಅದು 20 ಮೀಟರ್.

ಫೆಬ್ರುವರಿಯ ಒಂದು ಚಿತ್ರ ತೆರೆದೆ. ಮೋಡ ಇರಲಿಲ್ಲ. ದಿಬ್ಬಗಳು ಬೆಳ್ಳಗೆ ಹೊಳೆಯುತ್ತಿದ್ದವು. ಅಷ್ಟೇ ಆಗಿದ್ದರೆ ಕೆಲಸ ಅಂದೇ ಮುಗಿಯುತ್ತಿತ್ತು. ಆದರೆ ಫೆಬ್ರುವರಿಯಲ್ಲಿ ಕೋಲಾರ ಜಿಲ್ಲೆಯಲ್ಲಿ ಬೆಳ್ಳಗಿಲ್ಲದ್ದು ಯಾವುದಿದೆ? ಕೊಯ್ಲಾದ ಹೊಲ, ಹೊಸ ಲೇಔಟು, ತಾರಸಿ ಮನೆ, ಕಲ್ಲು ಬಂಡೆ, ಬತ್ತಿದ ಕೆರೆಯ ಅಂಗಳ, ಎಲ್ಲವೂ ಹೊಳೆಯುತ್ತವೆ. ಬರೀ ಹೊಳಪು ನೋಡಿ ಗುರುತಿಸಲು ಹೋದರೆ ಅರ್ಧ ತಾಲ್ಲೂಕು ಸೈನೈಡ್ ದಿಬ್ಬ ಅಂತ ಬರುತ್ತದೆ.

ಹೀಗಾಗಿ ಬಣ್ಣದ ಅನುಪಾತಕ್ಕೆ ಹೋದೆ. ನಮ್ಮ ಕಡೆಯ ಹೊಲದ್ದು ಕೆಂಪು ಮಣ್ಣು, ಅದರಲ್ಲಿ ಕಬ್ಬಿಣದ ತುಕ್ಕಿದೆ. ತುಕ್ಕು ನೀಲಿ ಬೆಳಕನ್ನು ನುಂಗುತ್ತದೆ, ಕೆಂಪನ್ನು ಹಿಂದಕ್ಕೆ ಕಳಿಸುತ್ತದೆ. ಕೆಂಪು ಬ್ಯಾಂಡನ್ನು ನೀಲಿ ಬ್ಯಾಂಡಿನಿಂದ ಭಾಗಿಸಿದರೆ ಕೆಂಪು ಮಣ್ಣಿಗೆ ದೊಡ್ಡ ಸಂಖ್ಯೆ ಬರುತ್ತದೆ, ಬೂದು ಪುಡಿಗೆ ಚಿಕ್ಕದು. ಕ್ಯೂಜಿಐಎಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಇದು ಒಂದು ಸಾಲಿನ ಲೆಕ್ಕ. ಹೊಲಗಳು ಬೇರೆಯಾದವು. ಕಾಂಕ್ರೀಟು ಮತ್ತು ಬಂಡೆ ಮಾತ್ರ ಹೂಳಿನ ಜೊತೆಗೇ ಉಳಿದವು. ದಿಬ್ಬದ ಮೇಲೆ ಕೆಲವು ಕಡೆ ಗಂಧಕದ ಖನಿಜ ಕೊಳೆತು ಹಳದಿ ಕಲೆ ಬಿದ್ದಿದೆ, ಅದು ಹೊಲದ ಕಡೆಗೆ ಸೇರಿಕೊಂಡುಬಿಟ್ಟಿತು.

ಆಮೇಲೆ ಹೊಳೆದದ್ದು ಒಂದೇ ಚಿತ್ರಕ್ಕೆ ಜೋತುಬೀಳುವುದನ್ನು ಬಿಟ್ಟು ವರ್ಷಪೂರ್ತಿ ಚಿತ್ರಗಳನ್ನು ನೋಡಬೇಕು ಅಂತ. ರಾಗಿ ಹೊಲ ಆಗಸ್ಟಿನಿಂದ ನವೆಂಬರ್‌ವರೆಗೆ ಒಮ್ಮೆಯಾದರೂ ಹಸಿರಾಗುತ್ತದೆ. ಬೀಳು ನೆಲದಲ್ಲೂ ಹುಲ್ಲು ಹುಟ್ಟುತ್ತದೆ. ಹೂಳು ಕೂತ ಜಾಗದಲ್ಲಿ ಹೆಚ್ಚಾಗಿ ಏನೂ ಹುಟ್ಟುವುದಿಲ್ಲ. ಎನ್‌ಡಿವಿಐ ಅನ್ನೋ ಹಸಿರಿನ ಸೂಚ್ಯಂಕವನ್ನು ಪ್ರತಿ ಚಿತ್ರಕ್ಕೂ ಲೆಕ್ಕ ಹಾಕಿ, ಒಂದೊಂದು ಚುಕ್ಕೆಯೂ ವರ್ಷದಲ್ಲಿ ಎಷ್ಟರ ಮಟ್ಟಿಗೆ ಹಸಿರಾಗಿತ್ತು ಅಂತ ತೆಗೆದೆ. ವರ್ಷವಿಡೀ ಹಸಿರಾಗದ ಚುಕ್ಕೆಗಳಿಂದ ಮನೆ, ರಸ್ತೆ, ಬಂಡೆಗಳನ್ನು ಕೈಯಾರೆ ಅಳಿಸಿದೆ. ಇದು ಬೇಜಾರಿನ ಕೆಲಸ, ಕಣ್ಣು ಉರಿ ಬರುತ್ತದೆ. ಕೊನೆಗೆ ಉಳಿದದ್ದು ದಿಬ್ಬಗಳು ಮತ್ತು ಅವುಗಳಿಂದ ಹೊರಟ ಕೆಲವು ಸಣ್ಣ ನಾಲಿಗೆಗಳು. ಭಾಮೈದನ ಹಳ್ಳ ಅವುಗಳಲ್ಲಿ ಒಂದು.

ಇಲ್ಲೇ ಇನ್ನೊಂದು ತಾಪತ್ರಯ ಹೇಳಿಬಿಡುತ್ತೇನೆ. 78 ಡಿಗ್ರಿ ರೇಖಾಂಶ ಮಾಲೂರು ಮತ್ತು ಕೋಲಾರದ ನಡುವೆ ಹಾದುಹೋಗುತ್ತದೆ. ನಕ್ಷೆಯವರು ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿಕೊಂಡಿದ್ದಾರೆ, ಒಂದೊಂದು ವಲಯಕ್ಕೂ ಅಳತೆ ಬೇರೆ. ಅವರ ಲೆಕ್ಕದಲ್ಲಿ ಈ ರೇಖೆಯ ಪಶ್ಚಿಮಕ್ಕೆ 43ನೇ ವಲಯ, ಪೂರ್ವಕ್ಕೆ 44. ಮಾಲೂರು ಒಂದರಲ್ಲಿ, ಕೆ.ಜಿ.ಎಫ್. ಇನ್ನೊಂದರಲ್ಲಿ. ಜಿಲ್ಲೆಯ ಚಿತ್ರಗಳನ್ನು ಜೋಡಿಸುವಾಗ ಎಲ್ಲವನ್ನೂ ಒಂದೇ ವಲಯಕ್ಕೆ ತರದೆ ಲೆಕ್ಕ ಮಾಡಬಾರದು. ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಮಾಡುವ ಹುಡುಗರೆಲ್ಲ ಒಮ್ಮೆಯಾದರೂ ಇದಕ್ಕೆ ಸಿಕ್ಕಿಬೀಳುತ್ತಾರೆ.

ಸೆಂಟಿನೆಲ್‌ನಲ್ಲಿ ಸಿಗುವುದು ಸುಮಾರು ಹತ್ತು ವರ್ಷದ ಕಥೆ. ಊರಿನ ಜಗಳ ಅದಕ್ಕಿಂತ ಹಳೆಯದು. ಗಣಿ ನಡೆಯುತ್ತಿದ್ದ ಕಾಲದ ಚಿತ್ರ ಬೇಕು ಅಂದರೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಬಿಟ್ಟು ಬೇರೆ ದಾರಿ ಇರಲಿಲ್ಲ. ಲ್ಯಾಂಡ್‌ಸ್ಯಾಟ್-5 ಹಾರಿದ್ದು 1984ರಲ್ಲಿ. ಅದರ ಚಿತ್ರಗಳು 2008ರಿಂದ ಎಲ್ಲರಿಗೂ ಪುಕ್ಕಟೆ. ಇದರಲ್ಲಿ ಚುಕ್ಕೆ 30 ಮೀಟರ್. ಹಳ್ಳವೇ ಅದಕ್ಕಿಂತ ಕಿರಿದು. ಹೂಳು ಹಳ್ಳದಿಂದ ಹೊರಗೆ ಹರಡಿ ಎರಡು ಮೂರು ಚುಕ್ಕೆ ಅಗಲ ಆದರೆ ಮಾತ್ರ ನಂಬಬಹುದು. 2003ರ ಮೇ 31ರಿಂದ ಲ್ಯಾಂಡ್‌ಸ್ಯಾಟ್-7ರ ಒಂದು ಭಾಗ ಕೆಟ್ಟು, ಅದರ ಚಿತ್ರಗಳಲ್ಲಿ ಕಪ್ಪು ಗೆರೆಗಳು ಬರುತ್ತವೆ. 2011ರ ಕೊನೆಗೆ ಲ್ಯಾಂಡ್‌ಸ್ಯಾಟ್-5 ಚಿತ್ರ ಕೊಡುವುದು ನಿಂತಿತು, ಎಂಟನೆಯದು ಹಾರಿದ್ದು 2013ರಲ್ಲಿ. ನಡುವೆ 2012ಕ್ಕೆ ಈ ಗೆರೆ ಬಿದ್ದ ಚಿತ್ರಗಳೇ ಗತಿ.

ಹಳೆಯ ಚಿತ್ರ ನೋಡಲು ನಮ್ಮ ಸೋದರಮಾವನ ಮನೆಗೆ ಹೋದೆ. ಮಾವ ಗಣಿಯಲ್ಲಿ ಕಲ್ಲು ಅರೆಯುವ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಲ್ಯಾಪ್‌ಟಾಪ್ ಮುಂದೆ ಕೂರಿಸಿ ಎಂಬತ್ತರ ದಶಕದ ಕೊನೆಯ ಒಂದು ಚಿತ್ರ ತೋರಿಸಿದೆ. ಮೊದಲು ಕನ್ನಡಕ ಏರಿಸಿಕೊಂಡು ಸುಮ್ನೆ ನೋಡಿದರು. ಆಮೇಲೆ ಬೆರಳಿಟ್ಟು ರೈಲು ಹಳಿ, ಸ್ಟೇಷನ್ನು, ಆಸ್ಪತ್ರೆ ಕಡೆ ಅಂತ ಒಂದೊಂದೇ ಗುರುತಿಸಿದರು. 30 ಮೀಟರಿನ ಚೌಕಗಳಲ್ಲಿ ನನಗೆ ಕಾಣದ್ದು ಅವರಿಗೆ ಕಾಣುತ್ತಿತ್ತು.

ಒಂದು ದಿಬ್ಬದ ನೆತ್ತಿಯ ಮೇಲೆ ಕಪ್ಪು ಕಲೆ ಇತ್ತು. ಅವಗೆಂಪು ಬ್ಯಾಂಡಿನಲ್ಲಿ ಅಷ್ಟು ಕಪ್ಪಾಗಿ ಕಾಣುವುದು ನೀರು. "ಮಾವ, ದಿಬ್ಬದ ಮೇಲೆ ಕುಂಟೆ ಇತ್ತಾ?" ಅಂತ ಕೇಳಿದೆ.

"ಕುಂಟೆ ಅಲ್ಲಪ್ಪಾ. ಪುಡಿನ ಒಣಗಿಸಿ ಹಾಕ್ತಿದ್ವಿ ಅಂದ್ಕೊಂಡಿದ್ದೀಯಾ? ಮಿಲ್ಲಿಂದ ನೀರು ಸೇರಿಸಿ ಗಂಜಿ ಹಂಗೆ ಪೈಪಲ್ಲಿ ಬಿಡ್ತಿದ್ವಿ. ಪುಡಿ ಕೂತ್ಕೊಳ್ಳೋದು, ನೀರು ಮೇಲೆ ನಿಲ್ಲೋದು. ಆ ನೀರಿದ್ರೆ ಆ ದಿಬ್ಬ ನಡೀತಿದೆ ಅಂತ ಅರ್ಥ."

ಇದನ್ನು ಯಾವ ಸೂಚ್ಯಂಕವೂ ನನಗೆ ಹೇಳುತ್ತಿರಲಿಲ್ಲ. ಕಪ್ಪು ಕಲೆ ಯಾವ ವರ್ಷದವರೆಗೆ ಇದೆ ಅಂತ ನೋಡಿದರೆ ಆ ದಿಬ್ಬಕ್ಕೆ ಸುರಿಯುವುದು ಯಾವಾಗ ನಿಂತಿತು ಅಂತ ಅಂದಾಜು ಸಿಗುತ್ತದೆ. ಅವತ್ತು ರಾತ್ರಿ ವರ್ಷಕ್ಕೊಂದು ಬೇಸಿಗೆಯ ಚಿತ್ರ ಇಟ್ಟುಕೊಂಡು ಇಬ್ಬರೂ ನೋಡುತ್ತಾ ಹೋದೆವು. ಅತ್ತೆ ಊಟಕ್ಕೆ ಕರೆದು ಕರೆದು ಸುಸ್ತಾದರು.

ಭಾಮೈದನ ಹಳ್ಳದ ಮಟ್ಟಿಗೆ ಕಂಡದ್ದು ಇಷ್ಟು. ಎಂಬತ್ತರ ದಶಕದ ಚಿತ್ರದಲ್ಲಿ ಬಿಳಿ ನಾಲಿಗೆ ದಿಬ್ಬದ ಬುಡದಲ್ಲೇ ಇತ್ತು. ತೊಂಬತ್ತರ ದಶಕದಲ್ಲಿ ರಸ್ತೆಯ ಮೋರಿಯವರೆಗೆ ಬಂತು. ಆಗ ಗಣಿ ನಡೆಯುತ್ತಿತ್ತು. 2001ರ ನಂತರ ಮೋರಿ ದಾಟಿತು. ಮುಂದೆ ಕೆಲವು ವರ್ಷ ಅದರ ಮೇಲೆ ಬಳ್ಳಾರಿ ಜಾಲಿ ಬೆಳೆದು ಹಸಿರು ಮುಚ್ಚಿಕೊಂಡಿತು. ಜಾಲಿಗೆ ಎಂಥ ಕೆಟ್ಟ ನೆಲವೂ ಆಗುತ್ತದೆ ಅಲ್ವಾ? ಚಿತ್ರದಲ್ಲಿ ಹಸಿರು ಕಂಡ ಕೂಡಲೇ ಹೂಳು ಹೋಯಿತು ಅಂತ ಬರೆದುಬಿಡುವ ಹಾಗಿಲ್ಲ. ಊರಿನ ಎರಡೂ ಕಡೆಯವರ ಮಾತಿನಲ್ಲಿ ಅರ್ಧರ್ಧ ನಿಜ ಇತ್ತು. ಇಬ್ಬರಿಗೂ ಇದು ಇಷ್ಟವಾಗಲಿಲ್ಲ.

2021ರ ನವೆಂಬರ್ ಬೇರೆಯೇ ಕಥೆ. ಆ ತಿಂಗಳು ಕೋಲಾರ ಜಿಲ್ಲೆಯಲ್ಲಿ ಕಂಡು ಕೇಳರಿಯದ ಮಳೆ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ಹೂಳು ಓಡಾಡಿದ್ದೂ ಆಗಲೇ. ಆದರೆ ಸೆಂಟಿನೆಲ್-2 ಕೊಟ್ಟ ಚಿತ್ರಗಳಲ್ಲಿ ಬರೀ ಮೋಡ. ಆಗ ಸೆಂಟಿನೆಲ್-1ಕ್ಕೆ ಹೋದೆ. ಅದು ರೇಡಾರ್ ಉಪಗ್ರಹ, ತನ್ನದೇ ಅಲೆ ಕಳಿಸಿ ವಾಪಸ್ ಬಂದದ್ದನ್ನು ಅಳೆಯುತ್ತದೆ. ಅದಕ್ಕೆ ಮೋಡವೂ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ನಿಂತ ನೀರು ಅಲೆಯನ್ನು ಬೇರೆ ಕಡೆಗೆ ತಿರುಗಿಸಿಬಿಡುವುದರಿಂದ ಕಪ್ಪಾಗಿ ಕಾಣುತ್ತದೆ. ಹಳ್ಳ ಎಲ್ಲಿ ಉಕ್ಕಿ ನಿಂತಿತ್ತು ಅಂತ ಅದರಲ್ಲಿ ಸಿಕ್ಕಿತು. ಹೂಳಿನ ಬಣ್ಣ ಮಾತ್ರ ರೇಡಾರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಮೋಡ ಸರಿದ ಮೇಲಿನ ಚಿತ್ರಕ್ಕೇ ಕಾಯಬೇಕು.

ಆ ಚಿತ್ರ ಸಿಕ್ಕಿದ್ದು 2022ರ ಆರಂಭದ್ದು. ಅಲ್ಲೊಂದು ಉರುಳು ಇದೆ. 2022ರ ಜನವರಿ 25ರಿಂದ ಸೆಂಟಿನೆಲ್-2 ಕಡತಗಳಲ್ಲಿ ಹೊಳಪಿನ ಎಲ್ಲ ಸಂಖ್ಯೆಗಳಿಗೂ 1000 ಸೇರಿಸಿ ಕೊಡಲು ಶುರು ಮಾಡಿದರು. ಏನೋ ತಾಂತ್ರಿಕ ಕಾರಣ. ಹಳೆಯ ಕಡತವನ್ನು ಹೊಸದರ ಪಕ್ಕ ಹಾಗೇ ಇಟ್ಟರೆ ಇಡೀ ಜಿಲ್ಲೆ ಒಮ್ಮೆಲೇ ಬೆಳ್ಳಗಾದ ಹಾಗೆ ಕಾಣುತ್ತದೆ. ಮಹಾಮಳೆ ಆಗಿ ಎರಡೇ ತಿಂಗಳಿಗೆ! ಮಳೆಯಿಂದ ಹೂಳು ಎಲ್ಲ ಕಡೆ ಹರಡಿತು ಅಂತ ಸಾಕ್ಷಿ ಸಮೇತ ಹೇಳಿಬಿಡಬಹುದು. ಇಂಥದ್ದಕ್ಕೆ ನಾನು ಅಂತರಗಂಗೆ ಬೆಟ್ಟದ ಬರೀ ಬಂಡೆಯ ಮೇಲೆ ಒಂದು ಚೌಕ ಗುರುತು ಮಾಡಿ ಇಟ್ಟುಕೊಂಡಿದ್ದೇನೆ. ಮಳೆ ಬರಲಿ ಬಿಡಲಿ, ಆ ಬಂಡೆ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಅಲ್ಲೂ ಸಂಖ್ಯೆ ಏರಿದರೆ ತಪ್ಪು ಕಡತದಲ್ಲಿದೆ. 1000 ಕಳೆದು ನೋಡಿದ ಮೇಲೆ ಜಿಲ್ಲೆ ಮೊದಲಿನ ಬಣ್ಣಕ್ಕೆ ಬಂತು. ಹಳ್ಳದ ಪಕ್ಕದ ಕೆಲವು ಚುಕ್ಕೆಗಳು ಮಾತ್ರ ಬೂದಾಗಿಯೇ ಉಳಿದವು. ಅವು ಭಾಮೈದನ ಹೊಲದ ಕೆಳಗಿನ ಮೂಲೆಯಲ್ಲಿದ್ದವು.

ಬಣ್ಣ ಬಣ್ಣದ ನಕ್ಷೆ ಮಾಡುವುದು ಈಗ ಕಷ್ಟವೇ ಅಲ್ಲ. ಸೆಮಿನಾರುಗಳಲ್ಲಿ ದಿನಕ್ಕೆ ಹತ್ತು ನೋಡಬಹುದು, ಕೆಂಪು ಅಂದರೆ ಅಪಾಯ, ಹಸಿರು ಅಂದರೆ ಕ್ಷೇಮ. ನೆಲಕ್ಕೆ ಹೋಗಿ ನೋಡಿದ್ದೀರಾ ಅಂತ ಕೇಳಿದರೆ ಮಾತು ಬೇರೆ ಕಡೆ ಹೋಗುತ್ತದೆ. ನಾನು ಭಾಮೈದನ ಜೊತೆ ಹಳ್ಳದುದ್ದಕ್ಕೂ ನಡೆದೆ. ದಿಬ್ಬದ ಮೇಲೆ ಹತ್ತಲು ಅನುಮತಿ ಬೇಕು, ಹಾಗಾಗಿ ರಸ್ತೆ, ಹಳ್ಳ, ನಮ್ಮವರ ಹೊಲ ಇಷ್ಟರಲ್ಲೇ ಇದ್ದೆವು. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಒಂದು ಚುಕ್ಕೆಯನ್ನು ನೆಚ್ಚಿಕೊಂಡರೆ ಪಕ್ಕದ ಚುಕ್ಕೆಗೆ ಬಿದ್ದಿರುತ್ತೇವೆ. ಸುತ್ತ ಮೂರು ಚುಕ್ಕೆ ಅಗಲಕ್ಕೆ ಒಂದೇ ಥರ ಇರುವ ಜಾಗಗಳನ್ನು ಆರಿಸಿಕೊಂಡು ಗುದ್ದಲಿಯಿಂದ ಅಗೆದೆವು. ಕೆಲವು ಕಡೆ ಮೇಲೆ ಕೆಂಪು ಮಣ್ಣು ತೆಳ್ಳಗೆ, ಅದರ ಕೆಳಗೆ ಬೂದು ಹೂಳು ಗೇಣುದ್ದ. ಉಪಗ್ರಹಕ್ಕೆ ಅದು ಕೆಂಪು ಹೊಲ. ಇನ್ನೊಂದು ಕಡೆ ನಕ್ಷೆಯಲ್ಲಿ ಅಚ್ಚುಕಟ್ಟಾಗಿ ಬೂದು ಕಂಡಿದ್ದು ಹೋಗಿ ನೋಡಿದರೆ ಯಾರೋ ಮನೆ ಕಟ್ಟಲು ಸುರಿಸಿದ ಎಂ ಸ್ಯಾಂಡ್ ರಾಶಿ, ಪಕ್ಕದಲ್ಲೊಂದು ಒಕ್ಕಣೆ ಕಣ. ಇಬ್ಬರೂ ನಕ್ಕೆವು.

ಆರ್ಸೆನಿಕ್ ಎಷ್ಟಿದೆ, ಆಮ್ಲ ಆಗುತ್ತಿದೆಯಾ ಅನ್ನುವುದಕ್ಕೆ ಮೇಲಿನಿಂದ ಉತ್ತರ ಬರುವುದಿಲ್ಲ. ಅದಕ್ಕೆ ಮಣ್ಣು ನೀರು ಎರಡನ್ನೂ ಲ್ಯಾಬಿಗೇ ಕೊಡಬೇಕು. ಚಿತ್ರದಿಂದ ಉಪಯೋಗ ಆದದ್ದು ಮಾದರಿ ಎಲ್ಲಿ ತೆಗೆಯಬೇಕು ಅನ್ನುವುದಕ್ಕೆ. ಇಡೀ ಹೊಲ ಅಗೆಯುವುದು ತಪ್ಪಿತು.

ಮಾವನಿಗೆ ಮಾತ್ರ ಬೇರೆ ಆಸೆ. ಗಣಿಯೊಳಗೆ ಬಂಡೆ ಸಿಡಿದಾಗ ಮನೆಯ ಪಾತ್ರೆ ಅಲ್ಲಾಡುತ್ತಿದ್ದದ್ದು ಅವರಿಗೆ ನೆನಪಿದೆ. "ಕೆಳಗೆ ಎಲ್ಲ ಟೊಳ್ಳು, ಮೂರು ಕಿಲೋಮೀಟರ್ ಆಳ. ಈಗ ನೀರು ತುಂಬಿದೆ. ಊರು ಕುಸೀತಿದೆಯಾ ನೋಡೋಕಾಗುತ್ತಾ?" ಅಂದರು. ಅದಕ್ಕೂ ದಾರಿ ಇದೆ. ಒಂದೇ ಜಾಗದ ಎರಡು ದಿನಗಳ ರೇಡಾರ್ ಚಿತ್ರಗಳಲ್ಲಿ ಅಲೆ ಎಷ್ಟು ಆಚೀಚೆ ಆಗಿದೆ ಅಂತ ಹೋಲಿಸುತ್ತಾರೆ. ಸೆಂಟಿನೆಲ್-1ರ ಅಲೆಯ ಉದ್ದ ಸುಮಾರು 5.6 ಸೆಂಟಿಮೀಟರ್. ಫಲಿತಾಂಶ ಕಾಮನಬಿಲ್ಲಿನ ಬಣ್ಣದ ಪಟ್ಟಿಗಳಾಗಿ ಬರುತ್ತದೆ. ಅಲೆ ಹೋಗಿ ವಾಪಸ್ ಬರುವುದರಿಂದ, ಒಂದು ಸುತ್ತು ಬಣ್ಣ ಅಂದರೆ ನೆಲ ಉಪಗ್ರಹದ ದಿಕ್ಕಿನಲ್ಲಿ ಅದರ ಅರ್ಧ, 2.8 ಸೆಂಟಿಮೀಟರ್ ಸರಿದಿದೆ ಅಂತ. ಸ್ನ್ಯಾಪ್ ಅನ್ನುವ ಸಾಫ್ಟ್‌ವೇರಿನಲ್ಲಿ ಮಾಡಿದೆ. ಒಂದು ಜೋಡಿ ಚಿತ್ರಕ್ಕೆ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಒದ್ದಾಡಿತು.

ಬಣ್ಣದ ಪಟ್ಟಿ ಬಂತು, ಭರ್ಜರಿಯಾಗಿಯೇ ಬಂತು. ಆದರೆ ಬೇರೆ ದಿನದ ಜೋಡಿ ಹಾಕಿದರೆ ಪಟ್ಟಿಗಳು ಜಾಗ ಬದಲಿಸುತ್ತಿದ್ದವು. ನೆಲ ಹಾಗೆ ಕುಣಿಯುವುದಿಲ್ಲ. ಅದು ಗಾಳಿಯ ತೇವ. ತೇವ ಜಾಸ್ತಿ ಇದ್ದ ದಿನ ಅಲೆ ನಿಧಾನವಾಗುತ್ತದೆ. ಊರಿನ ಮನೆಗಳ ಮೇಲೆ ಅಲೆ ಚೆನ್ನಾಗಿ ಹೊಂದುತ್ತದೆ, ಜಾಲಿ ಪೊದೆಗಳ ಮೇಲೆ ಪೂರ್ತಿ ಕೆಡುತ್ತದೆ. ತುಂಬಾ ಜೋಡಿಗಳನ್ನು ಸೇರಿಸಿ ಸರಾಸರಿ ತೆಗೆದ ಮೇಲೆ ಕುಸಿತ ಅಂತ ಕೈ ತೋರಿಸಿ ಹೇಳುವಂಥದ್ದು ನನ್ನ ಲೆಕ್ಕಕ್ಕೆ ಸಿಗಲಿಲ್ಲ. ಮಾವನಿಗೆ ಹಾಗೇ ಹೇಳಿದೆ. ಊರು ಗಟ್ಟಿ ಇದೆ ಅಂತ ಹೇಳಲಿಲ್ಲ, ಯಾಕೆಂದರೆ ಸಣ್ಣ ಕುಸಿತ ಆ ಗದ್ದಲದಲ್ಲಿ ಮುಚ್ಚಿಹೋಗಿರಬಹುದು. 2025ರ ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹದಲ್ಲಿ ಉದ್ದ ಅಲೆಯ ರೇಡಾರ್ ಇದೆ, ಪೊದೆಗಳ ನಡುವೆ ನುಸುಳಲು ಅದು ವಾಸಿ. ಪೊದೆ ಇರುವ ಕಡೆಗೆ ಅದರ ಚಿತ್ರ ಹಾಕಿ ಮತ್ತೆ ನೋಡಬೇಕು.

ನಕ್ಷೆ ಹಿಡಿದು ಒಂದು ಕಚೇರಿಗೆ ಹೋದಾಗ ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ, "ಇದರಲ್ಲಿ ಸರ್ವೆ ನಂಬರ್ ಎಲ್ಲಿದೆ?" ಪ್ರಶ್ನೆ ಸರಿಯಾಗೇ ಇತ್ತು. ಚುಕ್ಕೆ, ಬ್ಯಾಂಡು ಯಾರಿಗೆ ಬೇಕು? ರೈತರಲ್ಲಿ ಬಹಳ ಜನರ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇರುತ್ತದೆ, ಅದು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಹೂಳಿನ ಗಡಿಯ ಮೇಲೆ ನಡೆಯುತ್ತಾ ದಿಶಾಂಕಿನಲ್ಲಿ ಸರ್ವೆ ನಂಬರ್ ನೋಡಿ ಬರೆದುಕೊಂಡೆವು. ಎರಡನೇ ಸಲ ಹೋದಾಗ ಹಾಳೆಯಲ್ಲಿ ಸರ್ವೆ ನಂಬರ್, ಚಿತ್ರದ ತಾರೀಕು, ಅಗೆದು ನೋಡಿದ ಜಾಗದ ಫೋಟೋ ಮೂರೂ ಇದ್ದವು. ಇದು ಸರ್ಕಾರಿ ದಾಖಲೆ ಆಗುವುದಿಲ್ಲ ಅಂತ ಹೇಳಿದರು. ಆದರೂ ಹಾಳೆ ಇಟ್ಟುಕೊಂಡರು. ಊರಿನ ಸಭೆಯಲ್ಲಿ ಮೋರಿಯ ಮೇಲ್ಗಡೆ ಹೂಳು ತಡೆಯುವ ಕಟ್ಟೆ ಬೇಕು ಅಂತ ಅರ್ಜಿ ಹಾಕಿದ್ದಾರೆ. ಜಾಗ ಆರಿಸುವಾಗ ತೊಂಬತ್ತರ ದಶಕದ ಚಿತ್ರ ಕೆಲಸಕ್ಕೆ ಬಂತು. ಆಗ ನಾಲಿಗೆ ಬಹಳ ಕಾಲ ನಿಂತಿದ್ದ ಜಾಗ ಅದೇ, ಅಲ್ಲಿ ಇಳಿಜಾರು ಕಮ್ಮಿ.

ಇಂಥದ್ದನ್ನು ನಿಮ್ಮೂರಿಗೂ ಮಾಡಿ ನೋಡಬೇಕು ಅನ್ನೋರಿಗೆ ನನ್ನ ಸಲಹೆ, ಸಾಫ್ಟ್‌ವೇರ್ ಕಲಿಯುವುದನ್ನು ಆಮೇಲೆ ನೋಡಿಕೊಳ್ಳಿ. ಮೊದಲು ನಿಮ್ಮ ಜಾಗದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು, ಪ್ರತಿ ವರ್ಷದ ಫೆಬ್ರುವರಿಯದ್ದು ಒಂದೊಂದು, ಇಳಿಸಿಕೊಂಡು ಸಾಲಾಗಿ ನೋಡಿ. ಪಕ್ಕದಲ್ಲಿ ಆ ಜಾಗ ಗೊತ್ತಿರುವ ಹಿರಿಯರೊಬ್ಬರನ್ನು ಕೂರಿಸಿಕೊಳ್ಳಿ. ಕ್ವಾರಿ ಆಗಲಿ, ಕೆರೆ ಆಗಲಿ, ದಿಬ್ಬ ಆಗಲಿ, ಯಾವ ವರ್ಷದ ಮೇಲೆ ಜಾಸ್ತಿ ಹೊತ್ತು ಕೂರಬೇಕು ಅಂತ ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ.